ಒಂದು ಗಂಟೆ ಅಂದರೆ ಒಂದು ಗಂಟೆ

ಭಾವ ನಮ್ಮ ಲ್ಯಾಬಿಗೆ ಬಂದದ್ದು ಅದೇ ಮೊದಲು. ಅಕ್ಕನ ಗಂಡ, ರಸ್ತೆ ಕಂಟ್ರಾಕ್ಟರು, ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಕುರ್ಚಿ ಎಳೆದುಕೊಂಡು ಕೂತವರೇ ಆ ಮಾತನ್ನೇ ಎತ್ತಿದರು.

"ಯಾರಿಂದ ಇಲ್ಲಿ ಕೂತಿದೀಯ, ನೆನಪಿದೆ ತಾನೆ?"

"ದಿನಾ ನೀವೇ ನೆನಪಿಸ್ತೀರಲ್ಲ, ಮರೆಯೋದು ಹೇಗೆ?" ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ.

ಅವರ ರಬ್ಬರ್ ಬೆರೆಸಿದ ಡಾಂಬರು ಎಮಲ್ಷನ್ ಪರೀಕ್ಷೆಗೆ ಬಂದಿತ್ತು. ಪಾಸಾದರೆ ಆಸ್ಪತ್ರೆಯ ಮುಂದಿನ ಇಳಿಜಾರು ರಸ್ತೆಗೆ ಹಾಕುತ್ತಾರೆ. ಹರಿವಿನಲ್ಲಿ ತಪ್ಪಿರಲಿಲ್ಲ, ಪಾತ್ರೆಯ ತೂತಿನಿಂದ ಇಳಿದು ಸೀಸೆ ತುಂಬಲು ಹಿಡಿಯಬೇಕಾದಷ್ಟೇ ಸೆಕೆಂಡು ಹಿಡಿದಿತ್ತು. ಉಳಿದದ್ದು ಎಳೆತದ ಪರೀಕ್ಷೆ. ನೀರಿನಂಶ ಹೋದ ಮೇಲೆ ಉಳಿಯುವ ಡಾಂಬರನ್ನು ಅಚ್ಚಿಗೆ ಹೊಯ್ದು, ತಣ್ಣಗಾದ ಮೇಲೆ ನೀರಿನ ತೊಟ್ಟಿಯಲ್ಲಿ ಹತ್ತು ಸೆಂಟಿಮೀಟರ್ ಎಳೆದು, ನಡುವೆ ಕತ್ತರಿಯಾಡಿಸಬೇಕು. ಎರಡು ತುಂಡುಗಳೂ ಹಿಂದಕ್ಕೆ ಕುಗ್ಗುತ್ತವೆ. ಸರಿಯಾಗಿ ಒಂದು ಗಂಟೆಗೆ ಅಳೆದಾಗ ಅರ್ಧದಷ್ಟಾದರೂ ಕುಗ್ಗಿರದಿದ್ದರೆ ಫೇಲು. ಅಂಥ ಡಾಂಬರು ಜಲ್ಲಿಯನ್ನು ಹಿಡಿದಿಡುವುದಿಲ್ಲ, ಬೈಕುಗಳು ಜಾರುತ್ತವೆ.

ಕತ್ತರಿಸಿ ಮುಕ್ಕಾಲು ಗಂಟೆಯಾಗಿತ್ತು. ಬಗ್ಗಿ ನೋಡಿದೆ. ಪಾಸಾಗುವ ಲಕ್ಷಣವಿರಲಿಲ್ಲ. ಭಾವನಿಗೂ ಅದು ಗೊತ್ತಾಯಿತು. ರಬ್ಬರ್ ಎಷ್ಟು ಕಡಿಮೆ ಹಾಕಿದ್ದಾರೆಂದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

"ಬಿಟ್ಟಷ್ಟೂ ಇನ್ನೂ ಕುಗ್ಗುತ್ತಲ್ವಾ? ಇನ್ನೊಂದು ಅರ್ಧ ಗಂಟೆ ಬಿಡು. ಸಾಹೇಬ್ರು ಬೇಡ ಅಂತಾರಾ?"

ನಮ್ಮ ಲ್ಯಾಬಿನ ಸಾಹೇಬರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಭಾವನ ಕಾರು ಗೇಟಿಗೆ ಬಂದಾಗಲೇ ಮೀಟಿಂಗಿದೆ ಎಂದು ಜಾಗ ಖಾಲಿ ಮಾಡಿದ್ದರು.

"ಒಂದು ಗಂಟೆ ಅಂದ್ರೆ ಒಂದು ಗಂಟೆ, ಭಾವ."

ಅವರು ಮುಖ ಗಂಟುಹಾಕಿಕೊಂಡು ವರಾಂಡಕ್ಕೆ ಹೋದರು. ಹತ್ತು ನಿಮಿಷ ಫೋನಿನಲ್ಲಿ ಏನೋ ಪಿಸುಗುಟ್ಟಿದರು. ಬಂದಾಗ ಮುಖವೇ ಬೇರೆಯಾಗಿತ್ತು.

"ನಿಮ್ಮಕ್ಕ ಅಳ್ತಿದಾಳೆ. ಏನಂತ ಹೇಳ್ತಿಲ್ಲ. ಇಲ್ಲಿ ತೊಟ್ಟಿ ಪಂಪಿನ ಸದ್ದು, ಹೊರಗೆ ಹೋಗಿ ಮಾತಾಡು."

ಅಕ್ಕ ಅತ್ತರೆ ನನಗೆ ಕೈಕಾಲು ಆಡುವುದಿಲ್ಲ. ಫೋನು ಕಸಿದುಕೊಂಡು ಮೆಟ್ಟಿಲವರೆಗೆ ಓಡಿದೆ.

"ಅಕ್ಕಾ, ಏನಾಯ್ತೇ?"

ಆ ಕಡೆಯಿಂದ ಬಂದದ್ದು ಅಳುವಿಲ್ಲದ, ನೆಟ್ಟಗಿನ ದನಿ.

"ನಿನ್ನ ಗಂಟೆಗೆ ಇನ್ನೆಷ್ಟು ನಿಮಿಷ ಇದೆ?"

"ಮೂರು. ನೀನು ಅಳ್ತಿದೀಯಂತೆ?"

"ನಿಮ್ಮ ಭಾವ ಅಳು ಅಂದ್ರು. ನಿನ್ನನ್ನ ಅರ್ಧ ಗಂಟೆ ಫೋನಲ್ಲೇ ಹಿಡಿದಿಡು ಅಂದ್ರು." ಅಕ್ಕ ಉಸಿರೆಳೆದುಕೊಂಡಳು. "ಹದಿನೈದು ವರ್ಷದಿಂದ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದಿದೀನಿ. ಇವತ್ತು ಅಳು ಬರ್ತಿಲ್ಲ ಕಣೇ. ನಾನೇನಂದೆ ಅಂತ ಅವರು ಕೇಳಿದ್ರೆ ಮುಚ್ಚಿಡಬೇಡ. ಓಡು."

ಫೋನು ಇಟ್ಟೇಬಿಟ್ಟಳು.

ಓಡಿದೆ. ಭಾವ ಬಾಗಿಲಿಗೆ ಅಡ್ಡ ನಿಂತಿದ್ದರು; ಅವರ ತೋಳಿನ ಕೆಳಗೆ ನುಸುಳಿ ಒಳಗೆ ಹೋದೆ. ಗಡಿಯಾರ ನೋಡಿ, ಕತ್ತರಿಸಿದ ಎರಡು ತುದಿಗಳನ್ನೂ ಮೆಲ್ಲಗೆ ತಾಗಿಸಿ ಅಳತೆ ಓದಿದೆ. ಎಳೆದ ಹತ್ತರಲ್ಲಿ ಐದೂ ಮುಕ್ಕಾಲು ಸೆಂಟಿಮೀಟರ್ ಉಳಿದಿತ್ತು. ಕುಗ್ಗಿದ್ದು ನಲವತ್ತೆರಡೂವರೆ ಪರ್ಸೆಂಟು, ಫೇಲು. ಪೆನ್ಸಿಲು ಪಕ್ಕಕ್ಕಿಟ್ಟು ಶಾಯಿಯಲ್ಲೇ ಬರೆದು ಸಹಿ ಹಾಕಿದೆ.

"ನಾಳೆಯಿಂದ ಈ ಕೆಲಸ ನಿನಗಿರಲ್ಲ," ಎಂದರು ಭಾವ.

"ಇವತ್ತು ಇದೆಯಲ್ಲ."

ಅವರ ಫೋನನ್ನು ಅವರ ಕೈಗಿಟ್ಟೆ. ಅವರು ಅದನ್ನೇ ನೋಡುತ್ತಾ ಕೇಳಿದರು, "ನಿಮ್ಮಕ್ಕ ಏನಂದ್ಳು?"

"ಓಡು ಅಂದ್ಳು," ಎಂದೆ.