ಎತ್ತಿಟ್ಟ ಪಾಲು

ಬೆಳ್ಳುಳ್ಳಿ ಅರ್ಧ ಸುಲಿದಿದ್ದೆ, ಮೊಬೈಲು ಬಡಿದುಕೊಂಡಿತು. ಯುಗಾದಿಯ ಮಾರನೆಯ ದಿನ, ಮಾಂಸದೂಟದ ಹೊಸತೊಡಕು. ಊರಲ್ಲಿ ಯಾರ ಅಡುಗೆಮನೆಗೆ ಹೋಗಿ ನೋಡಿದರೂ ಅವತ್ತು ಇದೇ ಕೆಲಸ. ಕೈಯೆಲ್ಲ ಅಂಟಾಗಿತ್ತು, ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ನಮ್ಮ ಪಂಚಾಯಿತಿಯ ಪಿಡಿಒ ವಾಣಿಶ್ರೀ. ಹಬ್ಬದ ದಿನ ತೊಂದರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ ಎಂದು ಶುರು ಮಾಡಿದಳು. ಲೇಔಟಿನ ಕಂಪನಿಯವರು ಕಡೆಯ ಮಾತು ಹೇಳಿದ್ದಾರಂತೆ. ಮಾರ್ಚ್ ಮುಗಿಯುವುದರೊಳಗೆ ನಮ್ಮ ಪತ್ರ ಅವರ ಕೈ ಸೇರದಿದ್ದರೆ, ನಮ್ಮೂರಿಗೆಂದು ಇಟ್ಟ ದುಡ್ಡು ಪಕ್ಕದ ಊರಿಗೆ ಹೋಗುತ್ತದಂತೆ.

"ಸಮಿತಿಯ ಐದೂ ಜನ ಸೈನ್ ಹಾಕ್ಬೇಕು ಅಮ್ಮಯಮ್ಮನೋರೇ. ಹನ್ನೊಂದು ತಿಂಗಳಿಂದ ಆ ಫೈಲ್ ಹಿಡ್ಕೊಂಡು ತಿರುಗ್ತಾ ಇದ್ದೀನಿ," ಎಂದಳು.

ಆಗಲಿ ನೋಡೋಣ ಎಂದೆ. ಹಾಗೆ ನೋಡಿದರೆ ಆ ಹನ್ನೊಂದು ತಿಂಗಳಿಗೆ ಕಾರಣ ನಾನೇ.

ನಮ್ಮೂರು ದೇವನಹಳ್ಳಿಯಿಂದ ಎಂಟು ಕಿಲೋಮೀಟರು. ಊರ ಮುಂದಿನ ದ್ರಾಕ್ಷಿ ತೋಟಗಳು ಹೋಗಿ ಲೇಔಟ್ ಬಂತು. ಲೇಔಟ್ ಮಾಡಿದವರು, ಊರಿನ ಜನ ಕೂತೆದ್ದು ಆಟವಾಡಲು ಏನಾದರೂ ಕಟ್ಟಿಸಿಕೊಳ್ಳಿ ಎಂದು ನಲವತ್ತು ಲಕ್ಷ ಎತ್ತಿಟ್ಟರು. ಏನು ಬೇಕೆಂದು ಊರೇ ತೀರ್ಮಾನ ಮಾಡಿ ಪತ್ರ ಬರೆದು ಕೊಡಬೇಕು, ಅಷ್ಟೇ ಷರತ್ತು. ನಮಗೆ ಐದು ಬೀದಿ. ಬೀದಿಗೊಬ್ಬರಂತೆ ಸಮಿತಿಯಾಯಿತು. ಪಂಚಾಯಿತಿ ಮೆಂಬರಾದ್ದರಿಂದ ಮೇಲಿನ ಬೀದಿಗೆ ನಾನು. ಮೊದಲ ಸಭೆಯಲ್ಲೇ ಜಗಳ. ಹಿರಿಯರಾದ ಅಪ್ಪಯ್ಯಣ್ಣನಿಗೆ ಊರ ಬಾಗಿಲಿಗೊಂದು ಕಮಾನು ಬೇಕು. ವಾಲಿಬಾಲ್ ಆಡುವ ಮಂಜೇಶನಿಗೆ ಲೈಟು ಹಾಕಿದ ಮೈದಾನ ಬೇಕು. ಪಿಳ್ಳಪ್ಪನಿಗೆ ಭಜನೆ ಮನೆಗೆ ಹೊಸ ಸೂರು, ಕಾಂತರಾಜುವಿಗೆ ಜಿಮ್ಮು. ನಮ್ಮ ಬೀದಿಯವರು ದೀಪದ ಕಂಬ ಕೇಳಿದ್ದರು. ಕುರ್ಚಿ ತಳ್ಳಾಡುವ ಮಟ್ಟಕ್ಕೆ ಹೋದಾಗ ನಾನು, ಗುಡ್ಡೆ ಮಾಂಸದ ಹಾಗೆ ಐದು ಪಾಲು ಮಾಡಿಬಿಡಿ, ಯಾರಿಗೂ ಹೆಚ್ಚಿಲ್ಲ ಕಮ್ಮಿಯಿಲ್ಲ ಎಂದೆ. ಎಲ್ಲರ ಮುಖವೂ ಸಡಿಲವಾಯಿತು. ಟೀ ತರಿಸಿ ಕುಡಿದು ಎದ್ದೆವು.

ಕಂಪನಿಯವರು ಒಪ್ಪಲಿಲ್ಲ. ಎಂಜಿನಿಯರು ಬಂದು ಅಳೆದು, ಈ ಪಾಲಿನಲ್ಲಿ ಕಮಾನೆಂದರೆ ಎರಡು ಕಂಬ ಬರುತ್ತೆ, ಮೈದಾನವೆಂದರೆ ಅರ್ಧ ಬರುತ್ತೆ ಎಂದು ಹೇಳಿ ಹೋದರು. ಎರಡಕ್ಕಿಂತ ಹೆಚ್ಚು ಕೆಲಸ ಬರೆಯುವಂತಿಲ್ಲ, ಎರಡೂ ಇಡೀ ಊರಿನದಾಗಿರಬೇಕು ಎಂದು ಹೊಸ ಷರತ್ತು ಬಂತು. ಆದರೆ ನನ್ನ ಗುಡ್ಡೆ ಅಂತ ಒಂದು ಸಲ ಮನಸ್ಸಿಗೆ ಬಂದಮೇಲೆ ಬಿಡುವವರು ಯಾರು? ಆಮೇಲೆ ಮೂರು ಸಭೆ ಆದವು. ಪತ್ರ ಫೈಲಿನಲ್ಲೇ ಉಳಿಯಿತು.

ಬೆಳ್ಳುಳ್ಳಿ ಮುಗಿಸಿ, ಪಾತ್ರೆ ಹಿಡಿದುಕೊಂಡು ಪಾಲು ತರಲು ಅಪ್ಪಯ್ಯಣ್ಣನ ತೋಟಕ್ಕೆ ಹೋದೆ. ಇಪ್ಪತ್ತು ಮನೆ ಸೇರಿ ಎರಡು ಕುರಿ ಹಾಕಿದ್ದರು. ಅದು ಗಂಡಸರ ಜಾಗ, ಆದರೂ ನನ್ನ ಯಜಮಾನರು ಹೋದಮೇಲೆ ನಾನೇ ಹೋಗುತ್ತೇನೆ. ಟಾರ್ಪಾಲಿನ ಮೇಲೆ ಬಾಳೆಎಲೆ ಹಾಸಿ, ನಮ್ಮೂರಲ್ಲಿ ಮೂವತ್ತು ವರ್ಷದಿಂದ ಗುಡ್ಡೆ ಹಾಕುತ್ತಿರುವುದು ಅಪ್ಪಯ್ಯಣ್ಣನೇ. ಒಂದು ಮೂಳೆ ಆ ಗುಡ್ಡೆಯಿಂದ ಈ ಗುಡ್ಡೆಗೆ, ಒಂದು ಚೂರು ಕೊಬ್ಬು ಈ ಗುಡ್ಡೆಯಿಂದ ಆ ಗುಡ್ಡೆಗೆ. ತಕ್ಕಡಿ ಇಟ್ಟರೂ ವ್ಯತ್ಯಾಸ ಬಾರದು. ಎಲ್ಲರೂ ಎತ್ತಿಕೊಂಡು ಹೋದಮೇಲೆ ಉಳಿದ ಕಡೆಯ ಗುಡ್ಡೆ ಅವನದು. ಗುಡ್ಡೆ ಹಾಕಿದವನು ಮೊದಲು ಕೈ ಹಾಕುವ ಹಾಗಿಲ್ಲ.

ಇದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಅವತ್ತು ಮಾತ್ರ ಅದಕ್ಕೂ ಮುಂಚಿನದು ಕಣ್ಣಿಗೆ ಬಿತ್ತು. ಒಂದು ಎಲೆಯೂ ತುಂಬುವ ಮೊದಲು ಅಪ್ಪಯ್ಯಣ್ಣ ಲಿವರನ್ನೂ ನಾಲ್ಕು ಕಾಲನ್ನೂ ಒಂದು ಸ್ಟೀಲ್ ಬೋಸಿಗೆ ಹಾಕಿ ಪಕ್ಕಕ್ಕಿಟ್ಟ. ಮಂಜೇಶನ ಹೆಂಡತಿ ರಮ್ಯ ಹೆತ್ತು ಇಪ್ಪತ್ತು ದಿನವಾಗಿತ್ತು. ಬಾಣಂತಿ ಇರುವ ಮನೆಗೆ ಮೊದಲು ಎತ್ತಿಟ್ಟು, ಆಮೇಲೆ ಉಳಿದದ್ದಕ್ಕೆ ಗುಡ್ಡೆ. ಇಪ್ಪತ್ತು ಮನೆಯವರು ಸುತ್ತ ನಿಂತಿದ್ದರು. ಯಾರೂ ಆ ಬೋಸಿಯ ಕಡೆ ತಿರುಗಿ ನೋಡಲಿಲ್ಲ.

ನನ್ನ ಪಾಲು ತಂದು ಸಾರು ಮಾಡಿ, ಒಂದು ಡಬ್ಬಿಗೆ ಹಾಕಿಕೊಂಡು ಕೆಳಗಿನ ಬೀದಿಯ ಮುನಿತಾಯಮ್ಮನ ಮನೆಗೆ ಹೋದೆ. ನಾನೂ ಅವಳೂ ರಾತ್ರಿ ಶಾಲೆಯಲ್ಲಿ ಒಂದೇ ಬೆಂಚು. ಆಗ ನನಗೆ ಮೂವತ್ತೆಂಟು. ಅಕ್ಷರದ ಆಸೆಗೆ ಹೋದೆವು ಎಂದು ಹೇಳಿಕೊಳ್ಳುತ್ತೇವೆ, ಆದರೆ ನಿಜ ಹೇಳಬೇಕೆಂದರೆ ಕೂರುವ ಆಸೆಗೆ ಹೋದೆವು. ಊರ ಅರಳಿಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ. ಕೆರೆಯ ಬಟ್ಟೆ ಒಗೆಯುವ ಕಲ್ಲುಗಳು ಇದ್ದವು, ಅಲ್ಲಿ ಒಗೆಯುವಷ್ಟು ಹೊತ್ತು ಮಾತು. ಲೇಔಟಿನ ಕಾಂಪೌಂಡು ಬಂದಮೇಲೆ ಆ ದಾರಿಯೂ ಮುಚ್ಚಿತು.

ಮುನಿತಾಯಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಹೋದ ವರ್ಷ ಎರಡೂ ಮಂಡಿಗೆ ಆಪರೇಷನ್ ಆಗಿದೆ. ಸೊಸೆ ಬಿಂದುಶ್ರೀ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಅದರ ಮಾತೇ ಇಲ್ಲ. ದಿನಾ ನಡೆಯಬೇಕು, ನಡೆಯದಿದ್ದರೆ ಕಾಲು ಮರದ ಕೊರಡಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎರಡು ವಾರ ನಡೆದಳು. ಆಮೇಲೆ ಹೊಸಿಲು ದಾಟಲಿಲ್ಲ. ಬಿಂದುಶ್ರೀ ಬೇಡಿಕೊಂಡಳು, ಮಗ ಗದರಿದ. ಸೋಮಾರಿತನ ಎಂದರು. ಕಾರಣ ಅವಳು ಹೇಳಿದ್ದು ನನಗೊಬ್ಬಳಿಗೆ. ಒಂದು ದಿನ ಡೈರಿಯ ತನಕ ಹೋಗಿ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಕಾಲು ಸೋತಿತು. ಕೂರಲು ಜಾಗವಿಲ್ಲ, ಕಟ್ಟೆಯ ತುಂಬ ಗಂಡಸರು. ಕರೆಂಟು ಕಂಬ ಹಿಡಿದು ನಿಂತಳು. ನಿಂತು ನಿಂತು ತಡೆಯಲಾರದೆ ಸೀರೆ ಒದ್ದೆಯಾಯಿತು. ಯಾರೋ ನೋಡಿದರೋ ಇಲ್ಲವೋ, ಅವಳಿಗೆ ಇಡೀ ಊರೇ ನೋಡಿದ ಹಾಗೆ. ಯಾರಿಗೂ ಹೇಳಬೇಡ ಎಂದು ನನ್ನ ಕೈಯಿಂದ ಭಾಷೆ ತೆಗೆದುಕೊಂಡಿದ್ದಳು.

ಅವತ್ತು ಅವಳು ಬಾತ್‌ರೂಮಿಗೆ ಹೋಗಲು ಎದ್ದಾಗ ನೋಡಿದೆ. ಮೊಣಕಾಲು ಮಡಚುತ್ತಿರಲಿಲ್ಲ. ಗೋಡೆ ಹಿಡಿದು, ಕಾಲನ್ನು ಎಳೆದುಕೊಂಡು ಹೋದಳು. ಇನ್ನು ಆರು ತಿಂಗಳು ಹೀಗೇ ಹೋದರೆ ಇವಳು ಮತ್ತೆ ಏಳುವುದಿಲ್ಲ ಎನ್ನಿಸಿತು. ಮನೆಗೆ ಬರುವ ದಾರಿಯಲ್ಲಿ ಆ ಸ್ಟೀಲ್ ಬೋಸಿಯೇ ಕಣ್ಣ ಮುಂದೆ.

ಸೋಮವಾರ ಸಭೆ. ನಾನು ಮೊದಲೇ ಎದ್ದು, ಗುಡ್ಡೆ ಹಾಕಿ ಎಂದದ್ದು ನನ್ನ ತಪ್ಪು, ಅದನ್ನು ಇವತ್ತು ಬಿಡಿಸೋಣ ಎಂದೆ. ಡೈರಿಯ ದಾರಿ ತಿರುಗುವಲ್ಲಿ ಪಂಚಾಯಿತಿಯ ಖಾಲಿ ಜಾಗವಿದೆ. ಅಲ್ಲಿ ಹೆಂಗಸರಿಗೊಂದು ಕಟ್ಟೆ, ಮೇಲೆ ಸೂರು, ಪಕ್ಕದಲ್ಲಿ ನೀರು, ಶೌಚಾಲಯ. ಅದನ್ನು ಮೊದಲು ಎತ್ತಿಡಿ. ಉಳಿದದ್ದನ್ನು ಚೂರು ಮಾಡದೆ ಒಂದೇ ಕೆಲಸಕ್ಕೆ ಕೊಡಿ.

ಪಿಳ್ಳಪ್ಪನೂ ಕಾಂತರಾಜುವೂ ಮುಖ ಮುಖ ನೋಡಿಕೊಂಡರು. ಅಪ್ಪಯ್ಯಣ್ಣ ನಕ್ಕ. "ಮನೆಮನೆಗೂ ಜಗಲಿ ಐತಲ್ಲಮ್ಮ. ಹೆಂಗಸ್ರಿಗೆ ಬೀದೀಲಿ ಕಟ್ಟೆ ಯಾಕೆ?"

"ಅಪ್ಪಯ್ಯಣ್ಣ, ನಿನ್ನ ಹೆಂಡ್ತಿ ಮುತ್ಯಾಲಮ್ಮ ದಿನಾ ಸಾಯಂಕಾಲ ನಿನಗೆ ಅರಳಿಕಟ್ಟೆಗೇ ಕಾಫಿ ತರ್ತಾಳೆ. ನೀನು ಕುಡಿದು ಲೋಟ ಕೊಡೋಗಂಟ ಅವಳು ಎಲ್ಲಿರ್ತಾಳೆ?"

ಅವನು ಹೇಳಲು ಬಾಯಿ ತೆರೆದ. "ನಿಂತಿರ್ತಾಳೆ," ಎಂದ.

ಎಷ್ಟು ವರ್ಷದಿಂದ ಎಂದು ನಾನು ಕೇಳಲಿಲ್ಲ. ಅವನೇ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

ಮಂಜೇಶ ಒಳ್ಳೆಯ ಹುಡುಗನೇ, ಆದರೆ ಅವನ ಮೈದಾನದ್ದು ಕಮ್ಮಿಯಾಗುತ್ತದಲ್ಲ. "ಕಟ್ಟೆ ಸರಿ ಅಜ್ಜಿ, ಒಪ್ಪಿದೆ. ಟಾಯ್ಲೆಟ್ ಯಾಕೆ? ಊರಲ್ಲಿ ಎಲ್ಲರ ಮನೇಲೂ ಐತೆ. ಅದಕ್ಕೆ ಯಾಕೆ ಅಷ್ಟು ದುಡ್ಡು, ಅದನ್ನ ಹೇಳಿ ನೋಡೋಣ."

ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ. ಅದನ್ನು ಹೇಳಿದ್ದರೆ ಐದೂ ಜನ ಆ ಕ್ಷಣವೇ ಸಹಿ ಹಾಕುತ್ತಿದ್ದರು. ಸಂಜೆಯ ಹೊತ್ತಿಗೆ ಐದೂ ಬೀದಿಗೆ ಗೊತ್ತಾಗುತ್ತಿತ್ತು. ಆಮೇಲೆ ಬಂಗಾರದ ಕಟ್ಟೆ ಕಟ್ಟಿಸಿದರೂ ಮುನಿತಾಯಮ್ಮ ಹೊರಗೆ ಬರುತ್ತಿರಲಿಲ್ಲ. ನಾಲಗೆ ತುದಿಯಲ್ಲಿದ್ದದ್ದನ್ನು ನುಂಗಿಕೊಂಡೆ.

"ಮಂಜೇಶ, ಮೊನ್ನೆ ನಿಮ್ಮನೆಗೆ ಲಿವರು, ಕಾಲು ಎತ್ತಿಟ್ರಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. ಹುಡುಗನನ್ನು ಹಾಗೆ ಕಟ್ಟಿಹಾಕಿದ್ದು ನನಗೂ ಕಸಿವಿಸಿಯಾಯಿತು. ಅದಕ್ಕೇ ತಕ್ಷಣ ಹೇಳಿದೆ: ಎತ್ತಿಟ್ಟಮೇಲೆ ಉಳಿಯುವುದು ಪೂರಾ ಮೈದಾನಕ್ಕೇ ಹೋಗಲಿ. ಗುಡ್ಡೆ ಹಾಕಿದವರಿಗೆ ಕಡೆಯ ಗುಡ್ಡೆ ತಾನೇ, ಹಾಕಿ ಎಂದವಳು ನಾನು; ಕಡೆಗೆ ಏನೂ ಉಳಿಯದಿದ್ದರೆ ಹೋಗಲಿ, ನಮ್ಮ ಬೀದಿಗೆ ಏನೂ ಬೇಡ.

ಭಜನೆ ಮನೆಯ ಸೂರನ್ನು ಹಬ್ಬದ ವಂತಿಗೆಯಲ್ಲಿ ನೋಡಿಕೊಳ್ಳುತ್ತೇವೆ ಎಂದು ಪಿಳ್ಳಪ್ಪ ನಿಧಾನಕ್ಕೆ ಹೇಳಿದ. ಕಾಂತರಾಜು, ಮೈದಾನದ ಮೂಲೆಯಲ್ಲಿ ಎರಡು ಕಬ್ಬಿಣದ ಬಾರ್ ನೆಡಿಸಿದರೆ ಸಾಕು ಎಂದ. ಅಪ್ಪಯ್ಯಣ್ಣ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದ. ಅವನ ಕಮಾನಿನ ಆಸೆಯನ್ನು ಒಣ ಜಂಬ ಎಂದು ನಾವು ಆಡಿಕೊಂಡಿದ್ದೆವು, ಅದು ಅಷ್ಟೇ ಆಗಿರಲಿಲ್ಲ. ಲೇಔಟಿನ ಗೇಟು ಎದ್ದಮೇಲೆ, ಬರುವವರೆಲ್ಲ ನಮ್ಮೂರನ್ನು ಲೇಔಟಿನ ಹಿಂದಿನ ಊರು ಎನ್ನುತ್ತಾರೆ. ಹೆಸರು ಹೇಳುವವರಿಲ್ಲ.

"ಕಮಾನು ಹೋಗ್ಲಿ," ಎಂದ ಕಡೆಗೆ. "ಆ ಕಟ್ಟೆ ರಸ್ತೆ ಕಡೆ ಗೋಡೆ ಮೇಲೆ ಊರಿನ ಹೆಸರಾದ್ರೂ ಬರೆಸ್ರಮ್ಮ. ದಪ್ಪಕ್ಷರದಲ್ಲಿ."

ವಾಣಿಶ್ರೀ ಅಲ್ಲೇ ಟೈಪ್ ಮಾಡಿ ತಂದಳು. ನಾಲ್ಕೂ ಜನ ಓದದೆ ಸಹಿ ಹಾಕಿದರು. ನಾನು ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ನನ್ನ ಓದು ನಿಧಾನ, ಕಾಯುವುದು ಅವಳಿಗೆ ರೂಢಿಯಾಗಿದೆ. ಮೊದಲನೆಯ ಕೆಲಸಕ್ಕೆ ಸಾರ್ವಜನಿಕ ಕಟ್ಟೆ ಎಂದಿತ್ತು. ಹಾಗೆ ಬರೆದರೆ ವಾರದೊಳಗೆ ಇಸ್ಪೀಟಿನವರು ಬಂದು ಕೂರುತ್ತಾರೆ, ಹೆಂಗಸರಿಗೆ ಎಂದು ಸೇರಿಸಮ್ಮ ಎಂದೆ. ಅವಳು ನಗುತ್ತ ತಿದ್ದಿ ತಂದಳು. ಎಲ್ಲರೂ ಮತ್ತೊಮ್ಮೆ ಸಹಿ ಹಾಕಿದರು.

ದೀಪದ ಕಂಬ ಹೋಯಿತೆಂಬ ಸುದ್ದಿ ನನಗಿಂತ ಮೊದಲು ನಮ್ಮ ಬೀದಿ ತಲುಪಿತ್ತು. ಎದುರುಮನೆಯವಳು, ಮುಂದಿನ ಸಲ ಓಟು ಕೇಳಕ್ಕೆ ಟಾರ್ಚ್ ಹಿಡ್ಕೊಂಡು ಬಾ ಎಂದಳು. ಅವಳ ಮಾತು ನ್ಯಾಯವೇ, ಸುಮ್ಮನೆ ಕೇಳಿಸಿಕೊಂಡೆ.

ಮಾರನೆಯ ದಿನ ಪತ್ರವನ್ನು ಪೋಸ್ಟಿಗೆ ಹಾಕಲು ದೇವನಹಳ್ಳಿಗೆ ಹೊರಟೆ. ಆಟೋವನ್ನು ಮುನಿತಾಯಮ್ಮನ ಬಾಗಿಲಿಗೇ ತಿರುಗಿಸಿದೆ. ಬರುವುದಿಲ್ಲ ಎಂದಳು. ನಿಲ್ಲುವ ಕೆಲಸವಿಲ್ಲ, ಮುಕ್ಕಾಲು ಗಂಟೆಯಲ್ಲಿ ವಾಪಸು, ಪೋಸ್ಟಾಫೀಸಿನ ಪಕ್ಕದ ಹೋಟೆಲಿನವರು ನನಗೆ ಗೊತ್ತು ಎಂದೆ. ಆ ಕೊನೆಯ ಮಾತು ಏಕೆಂದು ಅವಳಿಗೆ ತಿಳಿಯಿತು. ಬಿಂದುಶ್ರೀ ಕೈ ಹಿಡಿದು ಹತ್ತಿಸಿದಳು.

ದಾರಿಯಲ್ಲಿ ಪತ್ರವನ್ನು ಅವಳ ತೊಡೆಯ ಮೇಲಿಟ್ಟೆ. ಆಟೋ ಕುಲುಕುತ್ತಿತ್ತು. ಬೆಂಚಿನ ಮೇಲೆ ಓದುತ್ತಿದ್ದ ಹಾಗೇ ತುಟಿ ಆಡಿಸುತ್ತ ಓದಿದಳು. ಬೆರಳು ಒಂದು ಕಡೆ ನಿಂತಿತು. ಇಣುಕಿ ನೋಡಿದೆ, ಶೌಚಾಲಯ ಎಂದಿದ್ದ ಸಾಲು.

"ಹೇಳಿಬಿಟ್ಯಾ?" ಎಂದಳು. ದನಿ ಸಣ್ಣಗಿತ್ತು.

"ಇಲ್ಲ ಕಣೇ."

"ಮತ್ತೆ ಹೆಂಗೆ ಒಪ್ಪಿದ್ರು?"

"ಕಾರಣ ಕೇಳೋದು ಬಿಟ್ಟು ಎತ್ತಿಟ್ರು."

ಅವಳು ನನ್ನ ಮುಖವನ್ನೇ ನೋಡಿದಳು. ಭಾಷೆ ಉಳಿಸಿಕೊಂಡಿದ್ದೇನೆಂದು ನಂಬಿಕೆಯಾದ ಮೇಲೆ ಪತ್ರವನ್ನು ನಾಲ್ಕಾಗಿ ಮಡಚಿ ಲಕೋಟೆಗೆ ಹಾಕಿದಳು. ಪೋಸ್ಟಾಫೀಸಿನ ಮುಂದೆ ಆಟೋದಲ್ಲಿ ಕೂತೇ ಗೋಂದು ಹಚ್ಚಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಅಂಟಿಸಿದಳು. ನಾನು ಒಳಗೆ ಹೋಗಿ ಸ್ಪೀಡ್ ಪೋಸ್ಟಿನ ಕಿಟಕಿಗೆ ಕೊಟ್ಟೆ. ಅಲ್ಲಿದ್ದ ಹುಡುಗಿ ತೂಕ ನೋಡಿ, ಚೀಟಿ ಅಂಟಿಸಿ, ಹಿಂದಕ್ಕೆ ತಿರುಗದೆಯೇ ಅದನ್ನು ಚೀಲದೊಳಕ್ಕೆ ಎಸೆದಳು.