ಹೆಂಗಸರ ಸಲೂನಿಗೆ ಬಂದ ಗಂಡು ಹುಡುಗರು

ಲಿವರ್‌ಪೂಲಿನ ಹಡಗುಕಟ್ಟೆಯಿಂದ ಮೇಲಕ್ಕೆ ಹತ್ತುವ ಬೀದಿಯೊಂದರಲ್ಲಿ ಗಿಲ್ಮೋರ್ ದಂಪತಿಗೆ ಎರಡು ಅಂಗಡಿಗಳಿದ್ದವು. ನಡುವೆ ಒಂದೇ ಗೋಡೆ, ಹಿತ್ತಲ ಕಡೆ ಒಂದು ಬಾಗಿಲು. ಎಡಗಡೆಯದು ಗಂಡ ಸಿರಿಲ್‌ನ ಕ್ಷೌರದಂಗಡಿ, ಬಲಗಡೆಯದು ಹೆಂಡತಿ ಥೆಲ್ಮಾಳ ಹೆಂಗಸರ ಸಲೂನು. ಸಿರಿಲ್‌ಗೆ ಬರುತ್ತಿದ್ದದ್ದು ಒಂದೇ ಕಟಿಂಗು. ಹಡಗು ಕೂಲಿಯಾಗಲಿ, ಮದುಮಗನಾಗಲಿ, ಕುರ್ಚಿಯಲ್ಲಿ ಕೂತವನ ಕಿವಿಯ ಸುತ್ತ ಮೆಷಿನ್ನಿನಲ್ಲಿ ಗಿಡ್ಡಗೆ ಹೊಡೆದು, ಎಣ್ಣೆ ಹಚ್ಚಿ ಬಾಚಿ ಕಳಿಸುವುದು. ಅಪ್ಪನಿಂದ ಕಲಿತದ್ದು ಅಷ್ಟೇ, ಅದಕ್ಕಿಂತ ಹೆಚ್ಚಿನದು ಬೇಕು ಅಂತ ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಥೆಲ್ಮಾಳ ಸ್ವಭಾವ ಬೇರೆ. ಎರಡು ವರ್ಷದ ಹಿಂದೆ ಬ್ಲಾಕ್‌ಪೂಲಿನಲ್ಲಿ ಈ ಕಸುಬಿನವರೆಲ್ಲ ಸೇರಿದ್ದಾಗ, ಲಂಡನ್ನಿನವನೊಬ್ಬ ವೇದಿಕೆಯ ಮೇಲೆ 'ವೆಜ್', ಅಂದರೆ ಬೆಣೆ, ಎಂಬ ಹೊಸ ಕಟಿಂಗು ಮಾಡಿ ತೋರಿಸಿದ್ದ. ಕತ್ತಿನ ಮೇಲೆ ಕೂದಲು ಪದರ ಪದರವಾಗಿ ಏರುತ್ತ ಬರಬೇಕು, ಮುಂದೆ ಉದ್ದ ಉಳಿದು ಒಂದು ಕಣ್ಣಿನ ಮೇಲೆ ಜಾರಬೇಕು. ತಲೆ ಅಲ್ಲಾಡಿಸಿದರೆ ಎಲ್ಲವೂ ಹಾರಿ ಮತ್ತೆ ತಂತಮ್ಮ ಜಾಗಕ್ಕೆ ಬಂದು ಕೂರಬೇಕು. ಥೆಲ್ಮಾ ಅದನ್ನು ಕಣ್ಣಿನಲ್ಲೇ ಕಲಿತು, ಮನೆಗೆ ಬಂದು ತಂಗಿಯ ತಲೆಯ ಮೇಲೆ ಕೈ ಪಳಗಿಸಿಕೊಂಡಳು. ಆದರೆ ಬೀದಿಯ ಹೆಂಗಸರಿಗೆ ಅದು ಯಾರಿಗೆ ಬೇಕಿತ್ತು? ಅವರಿಗೆ ಬೇಕಾದದ್ದು ವಾರಕ್ಕೊಮ್ಮೆ ಸುರುಳಿ ಸುತ್ತಿಸಿಕೊಂಡು, ಕೂದಲು ಒಣಗಿಸುವ ಬಿಸಿಗಾಳಿಯ ಟೋಪಿಯ ಕೆಳಗೆ ಕೂತು, ನದಿಯ ಗಾಳಿಗೂ ಮಿಸುಕದಂಥ ತಲೆ ಮಾಡಿಸಿಕೊಳ್ಳುವುದು. ಥೆಲ್ಮಾಳ ಒಳ್ಳೆಯ ಕತ್ತರಿ ಡ್ರಾಯರಿನಲ್ಲೇ ಬಿದ್ದಿತ್ತು.

ಎಪ್ಪತ್ತೇಳನೆಯ ಇಸವಿಯ ಸೆಪ್ಟೆಂಬರಿನ ಒಂದು ಗುರುವಾರ ಸಲೂನಿನ ಬಾಗಿಲು ತೆಗೆದುಕೊಂಡು ಒಬ್ಬ ಗಂಡು ಹುಡುಗ ಒಳಗೆ ಬಂದ. ಟೋಪಿಯ ಕೆಳಗೆ ಕೂತಿದ್ದ ಮೂವರು ಮುದುಕಿಯರೂ ಒಟ್ಟಿಗೆ ಕತ್ತೆತ್ತಿದರು. ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಮಾಡುವ ಜೆರಾರ್ಡ್ ಟೂಲನ್ ಅವನು, ಇಪ್ಪತ್ತರ ಪ್ರಾಯ. ಎಲ್ಲರೂ ಜೆಡ್ ಅನ್ನುತ್ತಿದ್ದರು. ಕಂಕುಳಲ್ಲಿ ಒಂದು ಗ್ರಾಮಫೋನ್ ರೆಕಾರ್ಡು, ಮುಖ ಕೆಂಪಗಾಗಿತ್ತು.

"ಮಿಸೆಸ್ ಗಿಲ್ಮೋರ್, ನಿಮ್ಮ ಯಜಮಾನ್ರು ಕಳಿಸಿದ್ರು," ಅಂದ.

"ಯಾಕಪ್ಪಾ?"

"ಇಂಥ ತಲೆ ಬೇಕಾದ್ರೆ ಪಕ್ಕದ ಹೆಂಗಸರ ಅಂಗಡಿಗೆ ಹೋಗು ಅಂದ್ರು. ಅದಕ್ಕೇ ಬಂದೆ."

ಸಿರಿಲ್ ಅಂದದ್ದು ಅಣಕಕ್ಕೆ. ಈ ಹುಡುಗ ನಿಜವಾಗಿ ಬಂದಾನು ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಜೆಡ್ ರೆಕಾರ್ಡಿನ ರಟ್ಟಿನ ಕವರನ್ನು ಮುಂದೆ ಹಿಡಿದ. ಅದರ ಮೇಲೆ ಒಂದು ಪಕ್ಕದಿಂದ ಕಾಣುವ ಒಬ್ಬ ಗಾಯಕನ ಮುಖ, ಹಣೆಯ ಮೇಲೆ ಜಾರಿದ ಕಿತ್ತಳೆ ಬಣ್ಣದ ಕೂದಲು. ಥೆಲ್ಮಾ ಕನ್ನಡಕ ಏರಿಸಿಕೊಂಡು ಒಂದು ಗಳಿಗೆ ನೋಡಿದಳು, ಆಮೇಲೆ ಡ್ರಾಯರು ಎಳೆದು ಒಳ್ಳೆಯ ಕತ್ತರಿ ತೆಗೆದಳು. ಬಣ್ಣ ಹಚ್ಚಲೇ ಅಂತ ಕೇಳಿದ್ದಕ್ಕೆ, ಅಷ್ಟು ಬೇಡ, ಅಪ್ಪ ಮನೆಯೊಳಗೆ ಸೇರಿಸಲ್ಲ ಅಂದ.

ಮುಕ್ಕಾಲು ಗಂಟೆ ಹಿಡಿಯಿತು. ಮುದುಕಿಯರಲ್ಲಿ ಹಿರಿಯಳಾದ ಮಿಸೆಸ್ ಪಾರ್ಟಿಂಗ್ಟನ್‌ಳ ತಲೆ ಯಾವಾಗಲೋ ಒಣಗಿತ್ತು, ಆದರೆ ಅವಳು ಟೋಪಿ ಬಿಟ್ಟು ಏಳಲಿಲ್ಲ. ಕೊನೆಗೆ ಜೆಡ್ ತಲೆ ಕೊಡವಿದ. ಕೂದಲು ಹಾರಿ ಬಂದು ಒಂದು ಕಣ್ಣಿನ ಮೇಲೆ ಕೂತಿತು. ಮಿಸೆಸ್ ಪಾರ್ಟಿಂಗ್ಟನ್ ನಿಟ್ಟುಸಿರು ಬಿಟ್ಟು, "ಐವತ್ತು ವರ್ಷ ಮೊದ್ಲು ಬಂದಿದ್ರೆ ನಿನ್ನ ನಾನೇ ಹಾರಿಸ್ಕೊಂಡು ಹೋಗ್ತಿದ್ದೆ," ಅಂದಳು.

ಶನಿವಾರದ ಫುಟ್‌ಬಾಲ್ ಆಟದಲ್ಲಿ ಕೆಲವರು ಅವನನ್ನು ನೋಡಿ ಸೀಟಿ ಹೊಡೆದರಂತೆ. ಆದರೆ ಮುಂದಿನ ಗುರುವಾರ ಸಲೂನಿನ ಬಾಗಿಲಲ್ಲಿ ಆರು ಜನ ನಿಂತಿದ್ದರು, ಅದರ ಮುಂದಿನ ಗುರುವಾರ ಹತ್ತೊಂಬತ್ತು. ಎಲ್ಲರೂ ಕಾರ್ಖಾನೆಯವರು, ಹಡಗುಕಟ್ಟೆಯವರು, ಕೆಲಸವೇ ಸಿಗದವರು. ಕಾಲಿಗೆ ಅಂಟಿದ ಇಕ್ಕಟ್ಟು ಜೀನ್ಸು, ಮೆತ್ತಗಿನ ಉಣ್ಣೆಯ ಸ್ವೆಟರು, ಟೆನ್ನಿಸ್ ಆಡದಿದ್ದರೂ ಟೆನ್ನಿಸ್ ಬೂಟು. ತಾವು ಮೆಚ್ಚುವ ತಂಡದ ಕೆಂಪು ಬಣ್ಣದ ಒಂದು ನೂಲೂ ಮೈಮೇಲೆ ಇಲ್ಲ. ಬರುವಾಗ ರೆಕಾರ್ಡು ತರುತ್ತಿದ್ದರು, ಥೆಲ್ಮಾ ಮಹಡಿಯ ಮನೆಯಿಂದ ರೆಕಾರ್ಡ್ ಪ್ಲೇಯರನ್ನು ಕೆಳಗಿಳಿಸಿ ಕೌಂಟರಿನ ಮೇಲೆ ಇಟ್ಟಳು. ಹೆಂಗಸರು ತಕರಾರು ಮಾಡಿಯಾರು ಅಂತ ಅವಳಿಗೆ ಅಳುಕಿತ್ತು. ನೋಡಿದರೆ ಶುಕ್ರವಾರ ಬರುತ್ತಿದ್ದವರೂ ಗುರುವಾರಕ್ಕೆ ಬದಲಾಯಿಸಿಕೊಂಡರು. ಬಿಸಿಗಾಳಿಯ ಟೋಪಿಯೊಳಗೆ ಹಾಡು ಕೇಳಿಸುತ್ತಿರಲಿಲ್ಲವಾದರೂ ಹುಡುಗರ ಕಾಲು ಕುಣಿಯುವುದನ್ನು ನೋಡಿ ಅವರೂ ತಾಳ ಹಾಕುತ್ತಿದ್ದರು.

ಗೋಡೆಯ ಆಚೆ ಸಿರಿಲ್‌ನ ಅಂಗಡಿ ಭಣಗುಟ್ಟತೊಡಗಿತು. ಹಳೆಯ ಗಿರಾಕಿಗಳು ಬರುತ್ತಿದ್ದರು, ಆದರೆ ಅವರ ಮಕ್ಕಳೆಲ್ಲ ಪಕ್ಕದ ಬಾಗಿಲಲ್ಲಿ. ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೆ ಥೆಲ್ಮಾಗೆ ಸುಲಭವಾಗುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು, ಊಟದ ಹೊತ್ತಿಗೆ ತನ್ನ ಸ್ಯಾಂಡ್‌ವಿಚ್ಚನ್ನು ತಾನೇ ಮಾಡಿಕೊಂಡು, ಹಿತ್ತಲ ಬಾಗಿಲು ತೆಗೆಯದೆ ಕೂತ. ಒಮ್ಮೆ ಮಾತ್ರ, ಚಹಾ ಕುಡಿಯುತ್ತ, ನಲವತ್ತು ವರ್ಷದಿಂದ ಮೈದಾನದ ಅದೇ ಮೆಟ್ಟಿಲ ಮೇಲೆ ನಿಂತು ಆಟ ನೋಡಿದವನು ನಾನು, ಇವರು ಆಟಕ್ಕೆ ಬರ್ತಾರೋ ಡ್ಯಾನ್ಸಿಗೆ ಬರ್ತಾರೋ ಗೊತ್ತಾಗ್ತಿಲ್ಲ ಅಂದ. ಥೆಲ್ಮಾ ಎರಡಕ್ಕೂ ಬರ್ತಾರೆ ಅಂದಳು.

ನವೆಂಬರಿನಲ್ಲಿ ತಂಡ ಬೇರೆ ಊರಿಗೆ ಆಡಲು ಹೋಯಿತು. ಸಿರಿಲ್ ಎಂದಿನಂತೆ ಅಮ್ಮ ಹೆಣೆದುಕೊಟ್ಟ ಕೆಂಪು ಸ್ಕಾರ್ಫು ಸುತ್ತಿಕೊಂಡು, ಕೋಟಿಗೆ ಕೆಂಪು ಬಿಲ್ಲೆ ಸಿಕ್ಕಿಸಿಕೊಂಡು, ಅಭಿಮಾನಿಗಳ ವಿಶೇಷ ರೈಲು ಹತ್ತಿದ. ಆ ಊರಿನ ನಿಲ್ದಾಣದಲ್ಲಿ ಪೊಲೀಸರು ಗಲಾಟೆಯಾದೀತೆಂದು ಕೆಂಪು ಕಂಡವರನ್ನೆಲ್ಲ ಒಂದು ಕಡೆ ಒಟ್ಟುಗೂಡಿಸಿ, ಸಾಮಾನು ಸಾಗಿಸುವ ಅಂಗಳದಲ್ಲಿ ನಿಲ್ಲಿಸಿದರು. ಆಟ ಶುರುವಾಗುವ ಹೊತ್ತಿಗೆ ಕಾವಲಿನಲ್ಲಿ ಕರೆದೊಯ್ಯುತ್ತೇವೆ, ಅಲ್ಲಿಯವರೆಗೆ ಕದಲಬೇಡಿ ಅಂದರು. ಸಣ್ಣಗೆ ಮಳೆ ಬೇರೆ. ಚಹಾ ಇಲ್ಲ, ಕೂರಲು ಜಾಗವಿಲ್ಲ. ಐವತ್ತೆರಡರ ಸಿರಿಲ್‌ನ ಮಂಡಿ ಹಿಡಿಯಿತು.

ಆಗ ಸಾಮಾನ್ಯ ರೈಲಿನಿಂದ ಇಳಿದ ಐದು ಜನ ಅಂಗಳದ ಬೇಲಿಯ ಪಕ್ಕದಲ್ಲೇ ಹರಟುತ್ತ ಹೊರಟಿದ್ದರು. ನೀಟಾದ ಸ್ವೆಟರು, ಕಣ್ಣಿನ ಮೇಲೆ ಜಾರಿದ ಕೂದಲು. ಪೊಲೀಸಿನವನು ಕಾಲೇಜು ಹುಡುಗರು ಅಂದುಕೊಂಡು ದಾರಿಯನ್ನೂ ಬಿಟ್ಟುಕೊಟ್ಟ. ಅವರಲ್ಲಿ ಒಬ್ಬ ಬೇಲಿಯ ಕಡೆ ನೋಡಿ ನಿಂತ. ಜೆಡ್. ಸಿರಿಲ್ ಮುಖ ತಿರುಗಿಸಿದ, ಆದರೆ ಜೆಡ್ ಆಗಲೇ ಪೊಲೀಸಿನವನ ಹತ್ತಿರ ಹೋಗಿದ್ದ.

"ಸಾರ್, ಅಲ್ಲಿರೋರು ನಮ್ಮ ಮಾವ. ನಮ್ದು ಚರ್ಚಿನ ಹಾಡುಗಾರರ ತಂಡ, ಅವರು ಆರ್ಗನ್ ನುಡಿಸೋರು. ತಪ್ಪಿ ಈ ಗುಂಪಲ್ಲಿ ಸೇರ್ಕೊಂಬಿಟ್ಟಿದಾರೆ."

ಪೊಲೀಸಿನವನು ಸಿರಿಲ್‌ನನ್ನು ಮೇಲಿಂದ ಕೆಳಗೆ ನೋಡಿದ. "ಕುತ್ತಿಗೇಲಿ ಕೆಂಪು ಸ್ಕಾರ್ಫ್ ಇದೆಯಲ್ಲ?"

"ಗಂಟಲು ನೋವು ಸಾರ್."

"ಆರ್ಗನ್ ನುಡಿಸೋಕೆ ಗಂಟಲು ಯಾಕೋ?"

ಜೆಡ್‌ನ ಹಿಂದಿದ್ದ ನಾಲ್ವರೂ ಗಂಭೀರ ಮುಖ ಮಾಡಿಕೊಂಡು ಯಾವುದೋ ಕೀರ್ತನೆಯ ಮೊದಲ ಸಾಲನ್ನು ನಾಲ್ಕು ಬೇರೆ ಬೇರೆ ಸ್ವರದಲ್ಲಿ ಎತ್ತಿಕೊಂಡರು. ಪೊಲೀಸಿನವನ ಮೀಸೆ ಅದುರಿತು. ಕರ್ಕೊಂಡು ಹೋಗ್ರಪ್ಪ, ಆದ್ರೆ ಹಾಡ್ಬೇಡಿ ಅಂತ ಬೇಲಿಯ ಗೇಟು ತೆಗೆದ.

ಸಂದಿಯೊಂದರ ಚಹಾದಂಗಡಿಯಲ್ಲಿ ಅವರು ಸಿರಿಲ್‌ಗೆ ಬಿಸಿ ಮಾಂಸದ ಕಡುಬೂ ಬೇಯಿಸಿದ ಬಟಾಣಿಯೂ ತರಿಸಿಕೊಟ್ಟರು. ಸ್ಕಾರ್ಫು ಕೋಟಿನೊಳಗೆ ಹೋಯಿತು. ಮೂಲೆಯಲ್ಲಿದ್ದ ಹಾಡಿನ ಪೆಟ್ಟಿಗೆಗೆ ಜೆಡ್ ನಾಣ್ಯ ಹಾಕಿದ, ಆ ಗಾಯಕನ ದನಿ ಬಂತು. ಗೋಡೆಯ ಆಚೆಯಿಂದ ಎರಡು ತಿಂಗಳು ಬೇಡ ಬೇಡವೆಂದರೂ ಕಿವಿಗೆ ಬಿದ್ದ ಹಾಡನ್ನು ಸಿರಿಲ್ ಮೊದಲ ಸಲ ಕೂತು ಕೇಳಿದ. ಚೆನ್ನಾಗಿದೆ ಅನ್ನಿಸಲಿಲ್ಲ, ಕೆಟ್ಟದ್ದೂ ಅನ್ನಿಸಲಿಲ್ಲ. ಹುಡುಗರು ತಮ್ಮ ಪಾಡು ಹೇಳಿಕೊಂಡರು. ಗುರುವಾರ ಸಂಜೆ ಊರ ನಡುವಿನ ಕ್ಲಬ್ಬಿನಲ್ಲಿ ಈ ಹಾಡುಗಳಿಗೆ ಕುಣಿಯುತ್ತಾರೆ, ಶನಿವಾರ ಗೋಲಿನ ಹಿಂದೆ ನಿಂತು ಕೂಗುತ್ತಾರೆ. ವಾರದಲ್ಲಿ ಮಿಕ್ಕ ದಿನ ಮೈಗೆಲ್ಲ ಹಿಟ್ಟು, ಗ್ರೀಸು. ಈ ಎರಡು ದಿನ ಮಾತ್ರ ಯಾರಾದರೂ ತಿರುಗಿ ನೋಡಬೇಕು ಅಂತ ಆಸೆ. ಸಿರಿಲ್ ಬಟಾಣಿ ಮುಗಿಸಿ, ತಾನು ಹುಡುಗನಾಗಿದ್ದಾಗ ಶನಿವಾರದ ಆಟಕ್ಕೆ ಅಣ್ಣನ ಎರಡು ಬಣ್ಣದ ಬೂಟು ಕದ್ದು ಹಾಕಿಕೊಂಡು ಹೋಗುತ್ತಿದ್ದದ್ದನ್ನು ಹೇಳಿದ. ಇದನ್ನು ಅವನು ಥೆಲ್ಮಾಗೂ ಹೇಳಿರಲಿಲ್ಲ.

ಸೋಮವಾರ ಎರಡೂ ಅಂಗಡಿಗೆ ರಜೆ. ಬೆಳಗ್ಗೆ ಹಿತ್ತಲ ಬಾಗಿಲು ತೆರೆಯಿತು. ಸಿರಿಲ್ ಎರಡು ಬಟ್ಟಲು ಚಹಾ ಹಿಡಿದು ನಿಂತಿದ್ದ.

"ಥೆಲ್ಮಾ, ಆ ಕತ್ತಿನ ಹಿಂದೆ ಪದರ ಹೇಗೆ ತೆಗೀತೀಯ, ಸ್ವಲ್ಪ ತೋರಿಸ್ತೀಯಾ?"

ಎರಡು ತಿಂಗಳಿಂದ ಕೂಡಿಟ್ಟ ಚುಚ್ಚುಮಾತು ಥೆಲ್ಮಾಳ ನಾಲಗೆಯ ತುದಿಯಲ್ಲಿತ್ತು. ಗಂಡನ ಮುಖ ನೋಡಿ ನುಂಗಿಕೊಂಡಳು. "ಮೊದ್ಲು ಆ ಮೆಷಿನ್ನು ಅಲ್ಲೇ ಬಿಟ್ಟು ಬಾ ಮಾರಾಯ," ಅಂದಳು. "ಇದು ಕುರಿಯ ಉಣ್ಣೆ ತೆಗೆಯೋ ಕೆಲಸ ಅಲ್ಲ."

ಅವನಿಗೆ ಮೂರು ವಾರ ಬೇಕಾಯಿತು. ಮೊದಲ ತಲೆಯನ್ನು ಜೆಡ್ ತಾನಾಗಿಯೇ ಒಡ್ಡಿದ, ಪದರ ಒಂದು ಕಡೆ ವಾಲಿತು. ಥೆಲ್ಮಾ ಸರಿಮಾಡಿದಳು. ಕ್ರಿಸ್‌ಮಸ್ ಹೊತ್ತಿಗೆ ಗೋಡೆಯ ಎರಡೂ ಕಡೆ ಹುಡುಗರು ಕಾಯುತ್ತಿದ್ದರು. ತಾಳ್ಮೆ ಇದ್ದವರು ಥೆಲ್ಮಾಳ ಕಡೆ, ಅವಸರದವರು ಸಿರಿಲ್‌ನ ಕಡೆ. ಹಾಡು ಎರಡಕ್ಕೂ ಕೇಳಲಿ ಅಂತ ಹಿತ್ತಲ ಬಾಗಿಲನ್ನು ಅವನೇ ಇಟ್ಟಿಗೆ ಕೊಟ್ಟು ತೆರೆದಿಟ್ಟ.

ಹೊಸ ವರ್ಷದ ಮೊದಲ ಶನಿವಾರ ಥೆಲ್ಮಾ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ, ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಗಂಡನ ಜೊತೆ ಆಟಕ್ಕೆ ಹೋದಳು. ಸಿರಿಲ್ ಅವಳನ್ನು ಗೋಲಿನ ಹಿಂದೆ, ಮೆಟ್ಟಿಲುಗಳ ಮೇಲ್ತುದಿಗೆ ಕರೆದೊಯ್ದ. ಎದುರಿಗೆ ಮೈದಾನ ಹಸಿರಾಗಿ ಬಿದ್ದಿತ್ತು. ಅವಳು ಅದನ್ನು ನೋಡಲೇ ಇಲ್ಲ. ಕೆಳಗೆ, ಮೆಟ್ಟಿಲ ಮೇಲೆ ಮೆಟ್ಟಿಲು, ನೂರಾರು ಹುಡುಗರ ಕತ್ತುಗಳು ಅವಳಿಗೆ ಬೆನ್ನು ಮಾಡಿ ನಿಂತಿದ್ದವು. ಒಂದೊಂದು ಪದರವೂ ಅವಳು ಬಾಚಿ, ಅಳೆದು, ಕತ್ತರಿಸಿದ್ದು. ಯಾರೋ ಶುರುಮಾಡಿದರು, ರೆಕಾರ್ಡಿನ ಧಾಟಿಗೆ ಆಟಗಾರನೊಬ್ಬನ ಹೆಸರು ಜೋಡಿಸಿದ ಹಾಡು. ಎಲ್ಲರೂ ಒಟ್ಟಿಗೆ ಕುಪ್ಪಳಿಸಿದರು. ಕೂದಲು ಒಟ್ಟಿಗೆ ಹಾರಿತು, ಒಟ್ಟಿಗೆ ಕೂತಿತು.

ಥೆಲ್ಮಾಳ ಕಣ್ಣು ತುಂಬಿ ಬಂತು. ಚಳಿಗೆ ಅಂತ ಹೇಳಿ ಒರೆಸಿಕೊಂಡಳು.

"ಆ ಮೂರನೇ ಮೆಟ್ಟಿಲಲ್ಲಿ, ಬಲಗಡೆ," ಅಂತ ಸಿರಿಲ್ ಅವಳ ಕಿವಿಯಲ್ಲಿ ಕೂಗಿದ, "ಸ್ವಲ್ಪ ಸೊಟ್ಟಗಿದೆಯಲ್ಲ, ಅದು ನಂದು."

ಅವನ ದನಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಅವಳು ನಗುತ್ತ ಅವನ ತೋಳಿಗೆ ತೋಳು ಹೆಣೆದು, ಪದ ಗೊತ್ತಿಲ್ಲದಿದ್ದರೂ ಬಾಯಿಬಿಟ್ಟು ಹಾಡತೊಡಗಿದಳು.