ಮೂರು ಎಂಬಿಯ ಮೀನು

ಯೋರುನ್ ಕಳಿಸಿದ ವಿಡಿಯೋ ತೆರೆದ ಮೇಲೆ, ಔದುನ್‌ಗೆ ಕೈಯಲ್ಲಿದ್ದ ಬ್ರೆಡ್ಡು ಬೇಡವಾಯಿತು. ಕಡಲಿನ ಬಲೆಗೂಡಿನಲ್ಲಿ ಸಾವಿರಾರು ಸಾಲ್ಮನ್ ಮೀನುಗಳು. ಒಂದೊಂದೇ ಮೇಲಕ್ಕೆ ಹಾರಿ, ಮಗ್ಗುಲು ಬಡಿದುಕೊಂಡು ನೀರಿಗೆ ಬೀಳುತ್ತಿದ್ದವು. ಹಾರಿದಾಗ ಪಕ್ಕೆಯ ಹುಣ್ಣು ಕಾಣುತ್ತಿತ್ತು. ಅಂಚು ಬಿಳಿ, ನಡುವೆ ಹಸಿ ಮಾಂಸ. ಕೆಲವಕ್ಕೆ ನೆತ್ತಿಯ ಚರ್ಮವೇ ಇರಲಿಲ್ಲ. ಮೀನಿನ ಮೈಗಂಟುವ ಕಡಲ ಹೇನು ಮೇದು ಮುಗಿಸಿತ್ತು.

ಕೆಳಗೆ ಅವಳು ಬರೆದಿದ್ದಳು: "ನಾಲ್ಕನೇ ಗೂಡು. ಶುಕ್ರವಾರ ಇವಕ್ಕೆ ಬಿಸಿನೀರು ಕೊಟ್ರೆ ಸತ್ತೇ ಹೋಗ್ತವೆ. ಸ್ತೈನಾರ್‌ಗೆ ತೋರಿಸು. ಮೀನುವೈದ್ಯರು ಬಂದು ಕಣ್ಣಾರೆ ನೋಡ್ಲಿ."

ಔದುನ್ ಆರು ವರ್ಷ ಅದೇ ಗೂಡುಗಳ ಮೇಲೆ ಯೋರುನ್ ಜೊತೆ ದುಡಿದವನು. ಸೊಂಟ ಹೋದ ಮೇಲೆ ಕಂಪನಿ ಅವನನ್ನು ದಡಕ್ಕೆ ತಂದು ವೆಬ್‌ಸೈಟಿನ ಮುಂದೆ ಕೂರಿಸಿತ್ತು. ಹೇನು ಉದುರಲೆಂದು ಮೀನುಗಳನ್ನು ದೋಣಿಯ ಬಿಸಿನೀರಿನ ಕೊಳವೆಯಲ್ಲಿ ಅರ್ಧ ನಿಮಿಷ ಹಾಯಿಸುತ್ತಾರೆ. ಗಟ್ಟಿ ಮೀನು ಹೇಗೋ ತಡೆದುಕೊಳ್ಳುತ್ತದೆ. ಹುಣ್ಣಾದ ಮೀನು ಬೆಂದ ಆಲೂಗಡ್ಡೆಯ ಹಾಗೆ ಸಿಪ್ಪೆ ಬಿಡುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಯಜಮಾನ ಸ್ತೈನಾರ್ ಕಾಫಿ ಹಿಡಿದು ಬೆನ್ನ ಹಿಂದೆ ಬಂದು ನಿಂತ. ಎರಡು ವರ್ಷದಿಂದ ಗೂಡುಗಳ ಕಡೆ ತಲೆಹಾಕದ ಆಸಾಮಿ. ಮೈಮೇಲೆ ಮಾತ್ರ ಸದಾ ಬೆಸ್ತರ ಉಣ್ಣೆಯಂಗಿ.

"ಅಬ್ಬಾ! ಎಷ್ಟು ಖುಷಿಯಾಗಿ ಹಾರ್ತಿವೆ ನೋಡು! ಹಿಂದೆ ಬೆಟ್ಟ, ಮೇಲೆ ಬಿಸಿಲು. ನಮ್ಮ ಮೊದಲ ಪುಟಕ್ಕೆ ಇದೇ ಬೇಕು."

"ಖುಷಿಗಲ್ಲ ಮಾರಾಯ, ತುರಿಕೆಗೆ. ಹುಣ್ಣು ಕಾಣಲ್ವಾ? ಯೋರುನ್ ಇದನ್ನ ವೈದ್ಯರಿಗೆ ಅಂತ ತೆಗೆದದ್ದು."

ಸ್ತೈನಾರ್ ಬಗ್ಗಿ ನೋಡಿದ. "ಓ, ಅದಾ. ಅಷ್ಟು ಬಗ್ಗಿ ಯಾರು ನೋಡ್ತಾರೆ? ಪುಟದಲ್ಲಿ ಈಗಿರೋ ವಿಡಿಯೋ ತೆರೆಯೋಕೆ ಹನ್ನೊಂದು ಸೆಕೆಂಡು. ಪ್ಯಾರಿಸ್ಸಿನ ವ್ಯಾಪಾರಿ ಮೂರಕ್ಕೇ ಎದ್ದು ಹೋಗ್ತಾನೆ. ಇದನ್ನ ಹಗುರ ಮಾಡಿ ಹಾಕು. ವೈದ್ಯರ ಹತ್ತಿರ ನಾನು ಮಾತಾಡ್ತೀನಿ."

ಯೋರುನ್ ವಿಡಿಯೋ ಇನ್ನೂರ ಹನ್ನೆರಡು ಎಂಬಿ ಇತ್ತು. ಔದುನ್ ಮೊದಲು ಸದ್ದು ತೆಗೆದ. ಮೀನು ನೀರಿಗಪ್ಪಳಿಸುವ ಶಬ್ದವೂ ಯೋರುನ್ ಬೈಗುಳವೂ ಒಟ್ಟಿಗೇ ಹೋದವು. ಎಂಟು ಸೆಕೆಂಡಿಗೆ ಕತ್ತರಿಸಿ, ನಿಲ್ಲದೆ ಸುತ್ತುತ್ತಿರಲೆಂದು ಕೊನೆಯನ್ನು ಮೊದಲಿಗೆ ಹೊಲಿದ. ಆಮೇಲೆ ಕಡತವನ್ನು ಹಿಂಡಿ ಚಿಕ್ಕದು ಮಾಡಲು ಕೂತ. ಇಪ್ಪತ್ತು ಎಂಬಿಯಲ್ಲಿ ಹುಣ್ಣು ಇನ್ನೂ ಹುಣ್ಣಾಗಿಯೇ ಇತ್ತು. ಹತ್ತರಲ್ಲಿ ಕೆಂಪು ಹೋಯಿತು. ಮೂರಕ್ಕೆ ಬಂದಾಗ ಮೀನಿನ ಮೈ ಇಸ್ತ್ರಿ ಮಾಡಿದಂತೆ ನುಣ್ಣಗಾಗಿತ್ತು. ಹಿಂಡುವಾಗ ಮೊದಲು ಸಾಯುವುದು ಸಣ್ಣ ಗೆರೆ, ಸಣ್ಣ ಕಲೆ. ಆ ಹುಣ್ಣುಗಳೂ ಅದೇ ಲೆಕ್ಕಕ್ಕೆ ಸೇರಿದವು.

ಫೋನಿನಲ್ಲಿ ಪುಟ ತೆರೆದು ನೋಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲ್ಮನ್ ಹಾರಿತು. ಒಂದು ಗಳಿಗೆ ಅವನಿಗೆ ಹೆಮ್ಮೆಯೇ ಆಯಿತು. ಮರುಗಳಿಗೆ ಫೋನನ್ನು ಬೋರಲು ಮಾಡಿ ಇಟ್ಟ.

ಗುರುವಾರ ಸ್ತೈನಾರ್ ಮತ್ತೆ ಬಂದ. "ವೈದ್ಯರು ವಿಡಿಯೋ ಕೇಳ್ತಿದ್ದಾರೆ. ಅದನ್ನ ನೋಡಿ, ಬರಬೇಕೋ ಬೇಡವೋ ಹೇಳ್ತಾರಂತೆ. ವೆಬ್‌ಸೈಟಿಗೆ ಹಾಕಿದ್ದನ್ನೇ ಕಳಿಸು. ದೊಡ್ಡದು ಮೇಲ್‌ನಲ್ಲಿ ಹೋಗಲ್ಲ."

"ಲಿಂಕ್ ಕೊಟ್ರೆ ಹೋಗುತ್ತೆ."

"ಔದುನ್." ಸ್ತೈನಾರ್ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಕ್ಕ. "ನಾಳೆ ಬಿಟ್ರೆ ಬಿಸಿನೀರಿನ ದೋಣಿ ಇನ್ನು ಮೂರು ವಾರ ಸಿಗಲ್ಲ. ನಿನ್ನ ಸೊಂಟಕ್ಕೆ ಈ ಕುರ್ಚಿ ಒಗ್ಗಿದೆ ಅಲ್ವಾ?"

ಎಂಥ ಹೇಸಿಗೆಯ ನಗು ಅದು! ಎದ್ದು ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು ಔದುನ್‌ಗೆ. ಉಗಿಯಲಿಲ್ಲ. ಎರಡು ಕಡತಗಳೂ ಪರದೆಯ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ಮೂರು ಎಂಬಿಯದ್ದನ್ನು ಎಳೆದು ಮೇಲ್‌ಗೆ ಹಾಕಿ ಕಳಿಸಿದ. ವೈದ್ಯರಿಗೂ ಕಣ್ಣಿಲ್ಲವೇ, ಸಂಶಯ ಬಂದರೆ ಅವರೇ ಬರಲಿ ಎಂದು ತನಗೆ ತಾನೇ ಹೇಳಿಕೊಂಡ. ಎಂಥ ಪುಕ್ಕಲ ಸಮಾಧಾನ! ಕಾಲು ಗಂಟೆಯಲ್ಲಿ ಉತ್ತರ ಬಂತು: "ಮೀನು ಚೆನ್ನಾಗಿವೆ. ಬಿಸಿನೀರಿಗೆ ಅಡ್ಡಿಯಿಲ್ಲ."

ಶುಕ್ರವಾರ ಮಧ್ಯಾಹ್ನ ಎಂದಿನಂತೆ ಸ್ತೈನಾರ್ ತಾನೇ ವಾಫಲ್ ಎಂಬ ಸಿಹಿ ದೋಸೆ ಹುಯ್ದು ಎಲ್ಲರಿಗೂ ಹಂಚುತ್ತಿದ್ದ. ವೆಬ್‌ಸೈಟಿನ ವೇಗಕ್ಕೆ ನೂರಕ್ಕೆ ತೊಂಬತ್ತೆಂಟು ಅಂಕ ಬಂದಿದೆ ಎಂದು ಔದುನ್‌ನ ತಟ್ಟೆಗೆ ಒಂದು ಚಮಚ ಜಾಮ್ ಹೆಚ್ಚಿಗೆ ಸುರಿದ. ಆಗ ಯೋರುನ್ ಬಂದಳು. ರಬ್ಬರ್ ದಿರಿಸು ಬಿಚ್ಚಿರಲಿಲ್ಲ, ಬೂಟಿನ ನೀರು ನೆಲದುದ್ದಕ್ಕೂ ಹರಿಯಿತು. ಕೈಯಲ್ಲಿ ಕಿವಿರಿಗೆ ಬೆರಳು ತೂರಿಸಿ ಹಿಡಿದ ಒಂದು ಸಾಲ್ಮನ್. ಔದುನ್‌ನ ಮೇಜಿನ ಹತ್ತಿರ ನಿಂತು, ಅದನ್ನು ಅವನ ಕೀಬೋರ್ಡಿನ ಮೇಲೆ ಅಡ್ಡಡ್ಡ ಮಲಗಿಸಿದಳು.

"ನಾಲ್ಕನೇ ಗೂಡಿಂದು. ಉಳಿದವನ್ನ ತೊಟ್ಟಿಗೆ ಮೊಗೀತಾ ಇದ್ದಾರೆ," ಎಂದಳು. "ವೈದ್ಯರಿಗೆ ಫೋನ್ ಮಾಡಿದ್ದೆ. ನೀನು ಕಳಿಸಿದ್ದ ವಿಡಿಯೋನ ಅವರೇ ನನಗೆ ಕಳಿಸಿದ್ರು."

"ಯೋರುನ್, ನಾನು..."

"ಆರು ಕಿಲೋ ಇದೆ. ಇದನ್ನೂ ಹಗುರ ಮಾಡು."

ಅವಳು ಹೊರಟುಹೋದಳು. ಸ್ತೈನಾರ್ ಮೂಗು ಮುಚ್ಚಿಕೊಂಡು, "ಮೊದಲು ಅದನ್ನ ಆಚೆ ಹಾಕು ಮಾರಾಯ, ಜನ ತಿಂತಾ ಇದ್ದಾರೆ," ಎಂದ. ಔದುನ್‌ಗೆ ಆ ನಾತಕ್ಕಿಂತ ತನ್ನ ಬೆರಳುಗಳನ್ನು ಕಂಡೇ ಹೆಚ್ಚು ಅಸಹ್ಯವಾಯಿತು. ಎರಡೂ ಕೈ ಹಾಕಿ ಮೀನನ್ನು ಎತ್ತಿದ. ಮೀನು ಮೇಲೆ ಬಂತು. ಚರ್ಮ ಕೀಬೋರ್ಡಿಗೆ ಅಂಟಿಕೊಂಡು ಅಲ್ಲೇ ಉಳಿಯಿತು.